ರಾತ್ರಿಯ ಎರಡು ಮಾತ್ರೆಗಳು

ಎರಡನೆಯ ಬಸಿರಿನಲ್ಲಿ, 13ನೆಯ ವಾರದಿಂದ 36ನೆಯ ವಾರದವರೆಗೆ, ಪ್ರತಿ ರಾತ್ರಿ ಮಲಗುವ ಮುನ್ನ ನಾನು ಎರಡು ಬಾಟಲಿಗಳಿಂದ ಒಂದೊಂದು ಬಿಳಿ ಮಾತ್ರೆ ತೆಗೆದು ನುಂಗುತ್ತಿದ್ದೆ. ಗಾತ್ರ, ಬಣ್ಣ, ರುಚಿ ಯಾವುದರಲ್ಲಿಯೂ ಅವುಗಳ ನಡುವೆ ವ್ಯತ್ಯಾಸವಿರಲಿಲ್ಲ. ಮೊದಲನೆಯ ಬಾಟಲಿಯ ಮಾತ್ರೆಯಲ್ಲಿ 75 ಮಿಲಿಗ್ರಾಂ ಆಸ್ಪಿರಿನ್ ಇರುವುದು ಖಚಿತವಾಗಿತ್ತು. ಎರಡನೆಯದರಲ್ಲಿ ಇನ್ನೂ 75 ಮಿಲಿಗ್ರಾಂ ಇತ್ತೋ, ಔಷಧವೇ ಇಲ್ಲದ ಪೊಳ್ಳು ಗುಳಿಗೆ ಇತ್ತೋ ಆಗ ನನಗೆ ತಿಳಿದಿರಲಿಲ್ಲ; ಇದನ್ನು ಬರೆಯುತ್ತಿರುವ ಹೊತ್ತಿಗೂ ತಿಳಿದಿಲ್ಲ. ಬಾಟಲಿಗಳನ್ನು ಕೈಗಿತ್ತ ಸಂಶೋಧನಾ ನರ್ಸಿಗೂ ತಿಳಿದಿರಲಿಲ್ಲ, ನನ್ನನ್ನು ನೋಡಿಕೊಳ್ಳುತ್ತಿದ್ದ ಪ್ರಸೂತಿ ತಜ್ಞೆಗೂ ತಿಳಿದಿರಲಿಲ್ಲ. ಹೀಗೆ ಯಾರಿಗೂ ತಿಳಿಯದಂತೆ ನೋಡಿಕೊಳ್ಳುವುದರಲ್ಲಿಯೇ ವೈದ್ಯಕೀಯ ಪ್ರಯೋಗವೊಂದರ ಶ್ರಮದ ದೊಡ್ಡ ಪಾಲು ಸಂದುಹೋಗುತ್ತದೆ ಎಂಬುದು ಅದರೊಳಗೆ ಹೋದ ಮೇಲಷ್ಟೇ ನನಗೆ ಅರ್ಥವಾಯಿತು.

ನಾನು ಅಲ್ಲಿಗೆ ಹೋದದ್ದಕ್ಕೆ ಮೊದಲ ಬಸಿರು ಕಾರಣ. ಅದು 31ನೆಯ ವಾರಕ್ಕೇ ಮುಗಿದಿತ್ತು. ಎರಡು ದಿನ ಬಿಡದೆ ಕಾಡಿದ ತಲೆನೋವು, ಕಣ್ಣ ಮುಂದೆ ಕಿಡಿ ಹಾರಿದಂತಾಗುವುದು, ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದಂಥ ನೋವು ಇವೆಲ್ಲವನ್ನೂ ಅಜೀರ್ಣದ ಲೆಕ್ಕಕ್ಕೆ ಬರೆದುಕೊಂಡು ಸುಮ್ಮನಿದ್ದೆ. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದೊತ್ತಡ 170/112 ಇತ್ತು, ಮೂತ್ರದಲ್ಲಿ ಪ್ರೋಟೀನ್ ಮೂರು ಪ್ಲಸ್. ಪ್ರಿ-ಎಕ್ಲಾಂಪ್ಸಿಯಾ, ಅಂದರೆ ಗರ್ಭನಂಜು, ಎಂದರು. ಸೆಳವು ಬಾರದಿರಲೆಂದು ಮೆಗ್ನೀಷಿಯಂ ಸಲ್ಫೇಟ್ ಹನಿಸಲು ತೊಡಗಿದ ಕೂಡಲೇ ಕಿವಿಯಿಂದ ಅಂಗಾಲಿನವರೆಗೆ ಕುದಿನೀರು ಹರಿದಂತಾಯಿತು. ಆ ಔಷಧ ಮೈಯಲ್ಲಿ ಹೆಚ್ಚಾದರೆ ಮೊದಲು ಮೊಣಕಾಲಿನ ಪ್ರತಿವರ್ತನೆ ಮಾಯವಾಗುತ್ತದೆಯಂತೆ. ಹಾಗಾಗಿ ಗಂಟೆಗೊಮ್ಮೆ ಯಾರಾದರೂ ಬಂದು ಸಣ್ಣ ರಬ್ಬರ್ ಸುತ್ತಿಗೆಯಿಂದ ಮೊಣಕಾಲು ತಟ್ಟಿ, ಕಾಲು ಎಗರಿದರೆ ತಲೆಯಾಡಿಸಿ ಹೋಗುತ್ತಿದ್ದರು. ಮಗುವಿನ ಶ್ವಾಸಕೋಶ ಬೇಗ ಪಕ್ವವಾಗಲೆಂದು ಇಪ್ಪತ್ತನಾಲ್ಕು ಗಂಟೆಗಳ ಅಂತರದಲ್ಲಿ ಎರಡು ಸ್ಟೀರಾಯ್ಡ್ ಚುಚ್ಚುಮದ್ದುಗಳನ್ನು ಕೊಟ್ಟು, ಮರುದಿನ ಸಿಸೇರಿಯನ್ ಮಾಡಿದರು. ಮಗ 1,340 ಗ್ರಾಂ ತೂಗಿದ. ಐದು ವಾರ ಅವನು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ. ಈಗ ಅವನಿಗೆ ಆರು ವರ್ಷ. ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ದನಿ ಅವನದೇ.

ಆ ಐದು ವಾರ ನನಗೆ ಓದುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ನನಗೆ ಕೊಟ್ಟ ಎರಡೂ ಮದ್ದುಗಳ ಹಿಂದೆ ಯಾರ್ಯಾರು ಇದ್ದಾರೆಂದು ಹುಡುಕಿದೆ. ಸ್ಟೀರಾಯ್ಡ್‌ನ ಕಥೆ ಕುರಿಮರಿಯಿಂದ ಶುರುವಾಗುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗ್ಗಿನ್ಸ್ ಎಂಬ ವೈದ್ಯರು ಹೆರಿಗೆನೋವು ಹೇಗೆ ಆರಂಭವಾಗುತ್ತದೆ ಎಂಬುದನ್ನು ಕುರಿಗಳಲ್ಲಿ ಪರೀಕ್ಷಿಸುತ್ತಿದ್ದಾಗ, ಸ್ಟೀರಾಯ್ಡ್ ಪಡೆದಿದ್ದ, ಬದುಕಲಾರದಷ್ಟು ಮೊದಲೇ ಹುಟ್ಟಿದ ಮರಿಯೊಂದು ನಿರೀಕ್ಷೆಗಿಂತ ಹೆಚ್ಚು ಹೊತ್ತು ಉಸಿರಾಡಿತು. ಅದನ್ನು ಗಮನಿಸಿದ ಅವರು ಮಕ್ಕಳ ತಜ್ಞ ರಾಸ್ ಹೋವಿ ಅವರೊಡನೆ ಸೇರಿ ಅವಧಿಗೆ ಮುನ್ನ ಹೆರುವ ಸಂಭವವಿದ್ದ 282 ತಾಯಂದಿರ ಮೇಲೆ ಪ್ರಯೋಗ ನಡೆಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ವ್ಯಾಪಕವಾಗಿ ಬಳಕೆಗೆ ಬರಲು ಮತ್ತೆ ಎರಡು ದಶಕಗಳೇ ಹಿಡಿದವು ಎಂಬುದನ್ನು ಓದಿದಾಗ ಸಿಟ್ಟು ಬಂತು. ಮೆಗ್ನೀಷಿಯಂನ ಕಥೆ ಇನ್ನೂ ವಿಚಿತ್ರ. ಕೆಲವು ದೇಶಗಳ ವೈದ್ಯರು ಅದನ್ನು ದಶಕಗಳಿಂದ ಬಳಸುತ್ತಿದ್ದರೆ, ಇನ್ನು ಕೆಲವು ದೇಶಗಳಲ್ಲಿ ಡಯಾಜೆಪಾಮ್ ಅಥವಾ ಫೆನಿಟಾಯಿನ್ ಕೊಡುತ್ತಿದ್ದರು. ಪ್ರತಿಯೊಬ್ಬರಿಗೂ ತಮ್ಮದೇ ಸರಿ ಎಂಬ ನಂಬಿಕೆ. ಸೆಳವು ಬಂದವರಿಗೆ ಮೆಗ್ನೀಷಿಯಮ್ಮೇ ಮೇಲು ಎಂದು 1995ರಲ್ಲಿ ಒಂದು ಪ್ರಯೋಗ ತೋರಿಸಿತು. ಬಳಿಕ 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಎಂಬ ಪ್ರಯೋಗ, 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಗರ್ಭನಂಜಿನ ಮಹಿಳೆಯರಲ್ಲಿ, ಸೆಳವು ಬರುವ ಅಪಾಯವನ್ನು ಅದು ಅರ್ಧಕ್ಕಿಂತ ಹೆಚ್ಚು ಇಳಿಸುತ್ತದೆ ಎಂದು ಸಾಬೀತು ಮಾಡಿತು.

ಅಂದರೆ ನನ್ನ ಮೊಣಕಾಲಿನ ಮೇಲೆ ಆ ಸುತ್ತಿಗೆ ಬೀಳುವುದಕ್ಕೂ ಮುನ್ನ, ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ನನ್ನಂಥದ್ದೇ ಸ್ಥಿತಿಯಲ್ಲಿ ಮಲಗಿ, ತಮ್ಮ ನರಕ್ಕೆ ಹರಿಯುತ್ತಿರುವುದು ಔಷಧವಲ್ಲದ ಬರಿಯ ದ್ರಾವಣವಾಗಿರಬಹುದು ಎಂಬ ಅನಿಶ್ಚಿತತೆಗೆ ಒಡ್ಡಿಕೊಂಡಿದ್ದರು. ಇದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಸಾಲ ಎನ್ನುವುದು ದೊಡ್ಡ ಮಾತಾದೀತು. ಲೆಕ್ಕವೊಂದು ಬಾಕಿಯಿದೆ ಎನ್ನಿಸಿತ್ತು, ಅಷ್ಟೆ.

ಎರಡನೆಯ ಬಾರಿ ಗರ್ಭಿಣಿಯಾದಾಗ 11ನೆಯ ವಾರದ ಭೇಟಿಯಲ್ಲೇ ವೈದ್ಯೆ, ಗರ್ಭನಂಜು ಮರುಕಳಿಸದಿರಲೆಂದು, ಆಸ್ಪಿರಿನ್‌ನ ಮಾತೆತ್ತಿದರು. ಗರ್ಭನಂಜಿನ ಬೇರು ಮಾಸಿನಲ್ಲಿ, ಅಂದರೆ ಪ್ಲಸೆಂಟಾದಲ್ಲಿದೆ: ಬಸಿರಿನ ಮೊದಲ ಅರ್ಧದಲ್ಲಿ ಗರ್ಭಕೋಶದ ಗೋಡೆಯ ರಕ್ತನಾಳಗಳು ಸಡಿಲಗೊಂಡು ಅಗಲವಾಗಬೇಕು, ಅದು ಸರಿಯಾಗಿ ಆಗದಿದ್ದರೆ ಮುಂದೆ ಮಾಸಿಗೆ ರಕ್ತ ಸಾಲದೆ ತಾಯಿಯ ಮೈಯೆಲ್ಲ ಅದಕ್ಕೆ ಬೆಲೆ ತೆರುತ್ತದೆ. ಹಾಗಾಗಿ ಆಸ್ಪಿರಿನ್‌ನ ಉಪಯೋಗವಾಗಬೇಕಾದರೆ 16ನೆಯ ವಾರಕ್ಕೆ ಮುನ್ನ ಆರಂಭಿಸುವುದು ಒಳ್ಳೆಯದು ಎಂದರು. ಎಷ್ಟು ತೆಗೆದುಕೊಳ್ಳಬೇಕು ಎಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಇಷ್ಟವಾಯಿತು: ‘ಕೊಡಬೇಕು ಎಂಬುದು ಗೊತ್ತಿದೆ, ಎಷ್ಟು ಎಂಬುದು ಗೊತ್ತಿಲ್ಲ.’ 1994ರ ಕ್ಲಾಸ್ಪ್ ಎಂಬ ಪ್ರಯೋಗದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದರೂ 60 ಮಿಲಿಗ್ರಾಂನಿಂದ ಸ್ಪಷ್ಟ ಲಾಭ ಕಾಣಿಸಲಿಲ್ಲ. 2017ರ ಆಸ್ಪ್ರೆ ಎಂಬ ಪ್ರಯೋಗದಲ್ಲಿ, ಅಪಾಯ ಹೆಚ್ಚಿದ್ದ 1,776 ಮಹಿಳೆಯರನ್ನು ಎರಡು ಗುಂಪು ಮಾಡಿ ಒಂದಕ್ಕೆ ರಾತ್ರಿಯ ಹೊತ್ತು 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮುನ್ನವೇ ಹೆರಿಗೆ ಮಾಡಿಸಬೇಕಾದ ಬಗೆಯ ಗರ್ಭನಂಜು ಶೇ. 4.3ರಿಂದ ಶೇ. 1.6ಕ್ಕೆ ಇಳಿಯಿತು. ಆದರೂ ಒಂದು ದೇಶದ ಮಾರ್ಗಸೂಚಿ 81 ಎನ್ನುತ್ತದೆ, ಇನ್ನೊಂದು 75ರಿಂದ 150ರವರೆಗೆ ಎಷ್ಟಾದರೂ ಆಗಬಹುದೆನ್ನುತ್ತದೆ. ಎರಡು ಡೋಸ್‌ಗಳನ್ನು ಎದುರುಬದುರಾಗಿ ಹೋಲಿಸುವ ಅಧ್ಯಯನವೊಂದು ಅಲ್ಲಿ ನಡೆಯುತ್ತಿತ್ತು. ಮನಸ್ಸಿದ್ದರೆ ಸಂಶೋಧನಾ ನರ್ಸಿನ ಜೊತೆ ಮಾತನಾಡಬಹುದು, ಇಲ್ಲದಿದ್ದರೆ ತಮಗೆ ಸರಿಕಂಡ ಡೋಸನ್ನು ತಾವೇ ಬರೆದುಕೊಡುವುದಾಗಿ ಹೇಳಿದರು.

ನನಗೆ ಕೊಟ್ಟ ಮಾಹಿತಿ ಪತ್ರ ಹದಿನಾಲ್ಕು ಪುಟ ಇತ್ತು. ಅಲ್ಲಿಯೇ ಸಹಿ ಮಾಡುತ್ತೇನೆ ಎಂದೆ. ‘ಬೇಡಮ್ಮಾ, ಮನೆಗೆ ತೆಗೆದುಕೊಂಡು ಹೋಗಿ ಓದಿ, ಸಹಿ ನಾಳೆಯೂ ಮಾಡಬಹುದು’ ಎಂದು ಆ ಸಿಸ್ಟರ್ ಪೆನ್ನನ್ನೇ ಕೊಡಲಿಲ್ಲ. ಮನೆಯಲ್ಲಿ ನನ್ನವರು ಓದಿ ಏನೂ ಹೇಳಲಿಲ್ಲ. ಅಮ್ಮ ಮಾತ್ರ, ‘ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಪ್ರಯೋಗಕ್ಕೆ ಕೂರುತ್ತೀಯೇನೇ?’ ಎಂದರು. ಆ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಿಲ್ಲ, ಏಕೆಂದರೆ ಅದಕ್ಕೆ ಇತಿಹಾಸದ ಬೆಂಬಲವಿದೆ. 1953ರಲ್ಲಿ ಶಿಕಾಗೊದಲ್ಲಿ ಡಿಇಎಸ್ ಎಂಬ ಕೃತಕ ಹಾರ್ಮೋನನ್ನು ಸುಮಾರು 1,600 ಗರ್ಭಿಣಿಯರಲ್ಲಿ ಪರೀಕ್ಷಿಸಿದ ವರದಿ ಹೊರಬಂತು. ಅರ್ಧದಷ್ಟು ಮಂದಿಗೆ ಹಾರ್ಮೋನು, ಉಳಿದವರಿಗೆ ಪೊಳ್ಳು ಮಾತ್ರೆ. ತಾವು ಪ್ರಯೋಗವೊಂದರ ಭಾಗವೆಂಬುದನ್ನು ಆ ಹೆಂಗಸರಿಗೆ ಹೇಳಿರಲಿಲ್ಲ. ಎರಡು ದಶಕಗಳ ನಂತರ ಪತ್ರ ಬಂದಾಗಲೇ ಅವರಿಗೆ ತಿಳಿದದ್ದು. ಗರ್ಭಪಾತ ತಡೆಯುವಲ್ಲಿ ಆ ಮದ್ದಿನಿಂದ ಉಪಯೋಗವಿಲ್ಲ ಎಂಬ ಫಲಿತಾಂಶ ಬಂದ ಮೇಲೂ ವೈದ್ಯರು ವರ್ಷಗಟ್ಟಲೆ ಅದನ್ನು ಬರೆದುಕೊಡುತ್ತಲೇ ಇದ್ದರು. ಆ ಮದ್ದು ಸೇವಿಸಿದ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿಕೊಂಡದ್ದು 1971ರಲ್ಲಿ ಬೆಳಕಿಗೆ ಬಂದಾಗಲೇ ಅಮೆರಿಕದಲ್ಲಿ ಅದು ನಿಂತದ್ದು.

ಥಾಲಿಡೊಮೈಡ್‌ನ ದುರಂತ ಇದಕ್ಕಿಂತ ಪ್ರಸಿದ್ಧ. ಆದರೆ ಅದರಿಂದ ಜಗತ್ತು ಕಲಿತ ಪಾಠ ತಲೆಕೆಳಗಾಗಿತ್ತೆಂಬುದು ನನ್ನ ಅಭಿಪ್ರಾಯ. 1961ರ ಕೊನೆಗೆ ಮಾರುಕಟ್ಟೆಯಿಂದ ಹಿಂತೆಗೆಯುವಷ್ಟರಲ್ಲಿ ಆ ಮಾತ್ರೆ ಸಾವಿರಾರು ಶಿಶುಗಳ ಕೈಕಾಲುಗಳನ್ನು ಕಸಿದಿತ್ತು. ಆದರೆ ಆ ಹಾನಿ ಗರ್ಭಿಣಿಯರ ಮೇಲೆ ಪ್ರಯೋಗ ನಡೆಸಿದ್ದರಿಂದ ಆದದ್ದಲ್ಲ, ಸರಿಯಾದ ಪ್ರಯೋಗ ನಡೆಸದೆ ಅವರಿಗೆ ಮಾರಿದ್ದರಿಂದ ಆದದ್ದು. ಹಾಗಿದ್ದೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ, ಗರ್ಭ ಧರಿಸುವ ಸಾಧ್ಯತೆಯಿರುವ ಹೆಂಗಸರನ್ನೆಲ್ಲ ಔಷಧಗಳ ಆರಂಭಿಕ ಹಂತದ ಪ್ರಯೋಗಗಳಿಂದ ದೂರವಿಡಲು ಸೂಚಿಸಿತು. ಆ ಸೂಚನೆಯನ್ನು ಹಿಂದೆಗೆದುಕೊಂಡದ್ದು 1993ರಲ್ಲಿ. ಪರಿಣಾಮವಾಗಿ ಔಷಧದ ಚೀಟಿಗಳಲ್ಲಿ ‘ಗರ್ಭಿಣಿಯರಲ್ಲಿ ಸುರಕ್ಷತೆ ದೃಢಪಟ್ಟಿಲ್ಲ’ ಎಂಬ ಸಾಲು ಖಾಯಂ ಆಯಿತು, ಆಸ್ತಮಾ, ಅಪಸ್ಮಾರ, ಖಿನ್ನತೆ ಇರುವ ಗರ್ಭಿಣಿಯರಿಗೆ ವೈದ್ಯರು ಊಹೆಯ ಮೇಲೆ ಮದ್ದು ಬರೆಯುವುದೂ ಖಾಯಂ ಆಯಿತು. ಅಮ್ಮನಿಗೆ ಇಷ್ಟೆಲ್ಲ ವಿವರಿಸಲಿಲ್ಲ. ‘ಕೊಟ್ಟೇ ಕೊಡುತ್ತಾರಮ್ಮಾ, ಬರೆದಿಟ್ಟುಕೊಂಡು ಕೊಟ್ಟರೆ ಪ್ರಯೋಗ, ಬರೆದಿಡದೆ ಕೊಟ್ಟರೆ ಚಿಕಿತ್ಸೆ’ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ನನಗೂ ಆ ಮಾತು ಪೂರ್ತಿ ನಿಜವೆಂಬ ಧೈರ್ಯವಿರಲಿಲ್ಲ.

ಮರುದಿನ ಒಪ್ಪಿಗೆಯ ಮಾತುಕತೆ ಮುಕ್ಕಾಲು ಗಂಟೆ ನಡೆಯಿತು. ಸಿಸ್ಟರ್ ಓದಿ ಹೇಳಿದ್ದಕ್ಕಿಂತ ನನ್ನಿಂದ ಹೇಳಿಸಿದ್ದೇ ಹೆಚ್ಚು. ‘ನಿಮಗೆ ಯಾವ ಡೋಸ್ ಎಂದು ಯಾರು ತೀರ್ಮಾನಿಸುತ್ತಾರೆ, ಹೇಳಿ ನೋಡೋಣ?’ ಎಂದರು. ‘ಡಾಕ್ಟರ್’ ಎಂದೆ. ‘ಅಲ್ಲ.’ ‘ನೀವು?’ ‘ನಾನೂ ಅಲ್ಲ.’ ಕಂಪ್ಯೂಟರ್, ಅದೂ ನನ್ನ ಆರೋಗ್ಯ ನೋಡಿ ಅಲ್ಲ, ನಾಣ್ಯ ಚಿಮ್ಮಿದ ಹಾಗೆ ಎಂಬುದು ನನ್ನ ಬಾಯಿಂದಲೇ ಬರುವವರೆಗೆ ಅವರು ಬಿಡಲಿಲ್ಲ. ಪೊಳ್ಳು ಮಾತ್ರೆ ಮಾತ್ರ ಸಿಗುವ ಗುಂಪು ಏಕಿಲ್ಲ ಎಂದು ಕೇಳಿದೆ. ಉಪಯೋಗವಿದೆಯೆಂದು ಗೊತ್ತಿರುವ ಮದ್ದನ್ನು, ಅದರ ಅಗತ್ಯವಿರುವವರಿಂದ ಅಧ್ಯಯನದ ಸಲುವಾಗಿ ತಪ್ಪಿಸುವಂತಿಲ್ಲ, 1964ರಲ್ಲಿ ಹೊರಟು ಮತ್ತೆ ಮತ್ತೆ ಪರಿಷ್ಕೃತವಾಗಿರುವ ಹೆಲ್ಸಿಂಕಿ ಘೋಷಣೆಯ ತಿರುಳು ಅದು ಎಂದರು. ಪ್ರತಿ ಪುಟಕ್ಕೂ ಕಿರುಸಹಿ, ಕೊನೆಯಲ್ಲಿ ಸಹಿ, ದಿನಾಂಕ, ಸಮಯ. ಇಲ್ಲಿ ನಾನು ಒಂದು ತಪ್ಪು ಮಾಡಿದೆ: ಹಿಂದಿನ ದಿನದ ದಿನಾಂಕ ಬರೆದುಬಿಟ್ಟೆ. ಬಿಳಿ ಬಣ್ಣ ಹಚ್ಚಿ ಅಳಿಸಬಹುದೇ ಎಂದು ಕೇಳಿದ್ದಕ್ಕೆ ಸಿಸ್ಟರ್ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತಪ್ಪಾದ ಅಂಕಿ ಓದಲು ಬರುವಂತೆ ಅದರ ಮೇಲೆ ಒಂದೇ ಒಂದು ಗೆರೆ ಎಳೆಸಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಸಿ, ಅದಕ್ಕೂ ಸಹಿ ಮತ್ತು ದಿನಾಂಕ ಹಾಕಿಸಿದರು. ಇಲ್ಲಿ ತಪ್ಪು ಮಾಡಬಹುದು, ಮುಚ್ಚುವಂತಿಲ್ಲ.

ಆಮೇಲೆ ಅರ್ಹತೆಯ ಪಟ್ಟಿ. ಅವಳಿ ಗರ್ಭವಲ್ಲ, ಆಸ್ಪಿರಿನ್ ಅಲರ್ಜಿಯಿಲ್ಲ, ಹೊಟ್ಟೆಯ ಹುಣ್ಣಿಲ್ಲ, ರಕ್ತಸ್ರಾವದ ಕಾಯಿಲೆಯಿಲ್ಲ ಎಂದು ಒಂದೊಂದಕ್ಕೂ ಗುರುತು ಹಾಕಿ, ಸಿಸ್ಟರ್ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರು. ನಾನು ಏನೋ ದೊಡ್ಡದನ್ನು ನಿರೀಕ್ಷಿಸಿದ್ದೆ. ತೆರೆಯ ಮೇಲೆ ಮೂಡಿದ್ದು ಒಂದು ಪೆಟ್ಟಿಗೆಯ ಸಂಖ್ಯೆ, ಅಷ್ಟೆ. ಬೀಗ ಹಾಕಿದ ಕಪಾಟಿನಿಂದ ಆ ಸಂಖ್ಯೆಯ ಪೆಟ್ಟಿಗೆ ಬಂತು. ಮೊದಲೆಲ್ಲ ಇದಕ್ಕೆ ಲಕೋಟೆಗಳಿರುತ್ತಿದ್ದವು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ, 107 ರೋಗಿಗಳ 1948ರ ಪ್ರಸಿದ್ಧ ಬ್ರಿಟಿಷ್ ಪ್ರಯೋಗದಲ್ಲಿಯೂ ಯಾರಿಗೆ ಯಾವ ಚಿಕಿತ್ಸೆ ಎಂಬುದು ಮುಚ್ಚಿದ ಲಕೋಟೆಯಲ್ಲಿತ್ತು. ಮುಂದೆ ಬೇರೆ ಬೇರೆ ಕಡೆ ಕೆಲವರು ಲಕೋಟೆಯನ್ನು ದೀಪಕ್ಕೆ ಹಿಡಿದು ಒಳಗಿನದನ್ನು ಓದಿ, ತಮಗೆ ಬೇಕಾದ ರೋಗಿಯನ್ನು ಬೇಕಾದ ಗುಂಪಿಗೆ ಸೇರಿಸಿದ್ದು ಪತ್ತೆಯಾಯಿತಂತೆ. ದುರುದ್ದೇಶದಿಂದಲ್ಲ, ಕರುಣೆಯಿಂದ. ಹೆಚ್ಚು ನರಳುತ್ತಿರುವವರಿಗೆ ಹೊಸ ಮದ್ದೇ ಸಿಗಲಿ ಎಂಬ ಕರುಣೆ ಇಡೀ ಹೋಲಿಕೆಯನ್ನೇ ಕೆಡಿಸುತ್ತದೆ, ಏಕೆಂದರೆ ಆಗ ಒಂದು ಗುಂಪಿನಲ್ಲಿ ನರಳುವವರೇ ತುಂಬಿರುತ್ತಾರೆ.

ನಾಲ್ಕು ವಾರಕ್ಕೊಮ್ಮೆ ಭೇಟಿ. ಮಾಮೂಲಿ ತಪಾಸಣೆಯಲ್ಲಿ ನಡೆದು ಬಂದವಳನ್ನು ಹಾಗೇ ಕೂರಿಸಿ ಬಿ.ಪಿ. ನೋಡಿ ಮುಗಿಸುತ್ತಾರೆ, ಇಲ್ಲಿ ಅದೊಂದು ಪುಟ್ಟ ವಿಧಿ. ಬೆನ್ನಿಗೆ ಒರಗು ಕೊಟ್ಟು, ಎರಡೂ ಪಾದ ನೆಲಕ್ಕೆ ಊರಿ, ಕಾಲಮೇಲೆ ಕಾಲು ಹಾಕದೆ ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳಿನ ಸುತ್ತಳತೆಗೆ ತಕ್ಕ ಪಟ್ಟಿ, ಅದು ಹೃದಯದ ಮಟ್ಟಕ್ಕೆ ಇರಬೇಕು, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕು, ಎರಡನ್ನೂ ಬರೆಯಬೇಕು. ಒಮ್ಮೆ 118 ಬಂದಾಗ ನಾನು, ‘120 ಅನ್ನಿ ಸಿಸ್ಟರ್’ ಎಂದೆ. ಅವರು ನಗುತ್ತ, ಬಿ.ಪಿ.ಯ ಅಂಕಿಗಳೆಲ್ಲ ಸೊನ್ನೆಯಲ್ಲಿಯೇ ಮುಗಿಯುತ್ತಿದ್ದರೆ ಮೇಲ್ವಿಚಾರಣೆಗೆ ಬರುವವರು ಮೊದಲು ಅನುಮಾನಿಸುವುದು ತಮ್ಮನ್ನೇ ಎಂದರು. ದೇಹಕ್ಕೆ ಹತ್ತರ ಮಗ್ಗಿ ಗೊತ್ತಿಲ್ಲ. ಅದು ಕೈಯಿಂದ ಬರೆಯುವವರಿಗೆ ಮಾತ್ರ ಗೊತ್ತು.

ಉಳಿದ ಮಾತ್ರೆಗಳನ್ನು ಎಣಿಸುವುದು ಪ್ರತಿ ಭೇಟಿಯ ಕೊನೆಯ ಕೆಲಸ. ಪ್ರತಿ ಬಾಟಲಿಯಲ್ಲಿ 35 ಇರುತ್ತಿದ್ದವು, 28 ದಿನಕ್ಕೆ 7 ಉಳಿಯಬೇಕು. 20ನೆಯ ವಾರದ ಸುಮಾರಿಗೆ ನನಗೆ ವಿಪರೀತ ಜ್ವರ, ವಾಂತಿ; ಒಂದು ರಾತ್ರಿ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡೆ, ಒಂಬತ್ತು ದಿನ ಮಾತ್ರೆ ಮುಟ್ಟಲಿಲ್ಲ. ಮುಂದಿನ ಭೇಟಿಯ ಹಿಂದಿನ ರಾತ್ರಿ ಎಣಿಸಿದರೆ ಪ್ರತಿ ಬಾಟಲಿಯಲ್ಲಿ 16 ಇದ್ದವು. ಆ ಹೆಚ್ಚುವರಿ ಒಂಬತ್ತನ್ನು ಅಂಗೈಗೆ ಸುರಿದುಕೊಂಡು ಕಸದ ಬುಟ್ಟಿಯ ಮುಂದೆ ನಿಂತದ್ದು ನಿಜ. ಶಾಲೆಯಲ್ಲಿ ಮನೆಪಾಠ ಮಾಡದೆ ಹೋದ ಹುಡುಗಿಯ ಭಯವೇ ಅದು; ವಯಸ್ಸು ಮಾತ್ರ ಮೂವತ್ತೆರಡು. ಕೊನೆಗೆ ವಾಪಸ್ ಬಾಟಲಿಗೆ ಹಾಕಿ ತೆಗೆದುಕೊಂಡು ಹೋದೆ. ಸಿಸ್ಟರ್ ತಟ್ಟೆಯ ಮೇಲೆ ಸುರಿದು, ಐದೈದರಂತೆ ಸರಿಸುತ್ತ ಎಣಿಸಿ, 16 ಎಂದು ಬರೆದು, ಕಾರಣ ಬರೆದರು. ನನ್ನನ್ನು ಅಧ್ಯಯನದಿಂದ ತೆಗೆಯುತ್ತೀರಾ ಎಂದು ಕೇಳಿದೆ. ಅವರೆಂದರು: ‘ನೀವು ನುಂಗದಿದ್ದರಿಂದ ನಮ್ಮ ಲೆಕ್ಕ ಕೆಡುವುದಿಲ್ಲ. ಎಸೆದುಬಂದಿದ್ದರೆ ಕೆಡುತ್ತಿತ್ತು.’

ಅದು ಹೇಗೆ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ದಿನ ಬೇಕಾಯಿತು. ಮಾತ್ರೆ ಸರಿಯಾಗಿ ನುಂಗಿದವರನ್ನು ಮಾತ್ರ ಕೊನೆಯಲ್ಲಿ ಲೆಕ್ಕಕ್ಕೆ ಹಿಡಿದರೆ ಏನಾಗುತ್ತದೆ? ನುಂಗದವರು ಸುಮ್ಮನೆ ನುಂಗದೆ ಇರುವುದಿಲ್ಲ. ಅವರಿಗೆ ವಾಂತಿಯಾಗಿರುತ್ತದೆ, ಹೊಟ್ಟೆ ಉರಿದಿರುತ್ತದೆ, ಮನೆಯಲ್ಲಿ ತಾಪತ್ರಯವಿರುತ್ತದೆ. ಅವರನ್ನು ಕೈಬಿಟ್ಟರೆ ಎರಡು ಗುಂಪುಗಳಲ್ಲಿಯೂ ಉಳಿಯುವವರು ಒಂದೇ ಬಗೆಯವರಾಗಿರುವುದಿಲ್ಲ, ನಾಣ್ಯ ಚಿಮ್ಮಿ ಗಳಿಸಿದ ಸಮಾನತೆ ಕಳೆದುಹೋಗುತ್ತದೆ. ಹಾಗಾಗಿ ಕಂಪ್ಯೂಟರ್ ಯಾವ ಗುಂಪಿಗೆ ಹಾಕಿತೋ ಆ ಗುಂಪಿನಲ್ಲಿಯೇ, ಒಂಬತ್ತು ದಿನ ತಪ್ಪಿಸಿದವಳನ್ನೂ ಎಣಿಸುತ್ತಾರೆ. ಇದರಿಂದ ಮದ್ದಿನ ಗುಣ ಸ್ವಲ್ಪ ಮಂಕಾಗಿ ಕಾಣಬಹುದು. ಆದರೆ ನಿಜವಾದ ಹೆಂಗಸರ ನಿಜವಾದ ಮರೆವು, ಕಾಯಿಲೆಗಳ ನಡುವೆ ಅದು ಎಷ್ಟು ಕೆಲಸ ಮಾಡೀತು ಎಂಬುದಕ್ಕೆ ಅದೇ ಪ್ರಾಮಾಣಿಕ ಉತ್ತರ.

ಆ ಒಂದು ರಾತ್ರಿಯ ಆಸ್ಪತ್ರೆವಾಸ ‘ಗಂಭೀರ ಪ್ರತಿಕೂಲ ಘಟನೆ’ ಎಂಬ ಹೆಸರಿನಲ್ಲಿ ದಾಖಲಾಯಿತು. ಹೆಸರು ಕೇಳಿ ಹೆದರಿದೆ. ಆಸ್ಪತ್ರೆಗೆ ಸೇರಿದರೆ, ಕಾರಣ ಮಾತ್ರೆಯೇ ಆಗಿರಲಿ ಬಸ್ಸಿನಿಂದ ಬಿದ್ದದ್ದೇ ಆಗಿರಲಿ, ಗೊತ್ತಾದ ಇಪ್ಪತ್ತನಾಲ್ಕು ಗಂಟೆಗಳೊಳಗೆ ವರದಿ ಹೋಗಬೇಕು. ಸಂಬಂಧವಿದೆಯೇ ಇಲ್ಲವೇ ಎಂಬ ತೀರ್ಮಾನ ನಂತರದ್ದು. ಅಧ್ಯಯನ ನಡೆಸುವವರಿಂದ ಹೊರತಾದ ಒಂದು ಸ್ವತಂತ್ರ ಸಮಿತಿ ಇಂಥ ವರದಿಗಳನ್ನೆಲ್ಲ ಆಗಾಗ ಗುಂಪುವಾರು ನೋಡುತ್ತದೆ. ಯಾವ ಡೋಸ್ ಯಾರಿಗೆ ಎಂಬುದನ್ನು ನಡುವೆಯೇ ನೋಡುವ ಅಧಿಕಾರ ಅವರಿಗಿದೆ, ಒಂದು ಗುಂಪಿಗೆ ಹಾನಿಯಾಗುತ್ತಿದ್ದರೆ ಇಡೀ ಅಧ್ಯಯನವನ್ನೇ ನಿಲ್ಲಿಸಿ ಎನ್ನುವ ಅಧಿಕಾರವೂ ಇದೆ. ಇದಲ್ಲದೆ ನನಗೊಬ್ಬಳಿಗೇ ತುರ್ತು ಬಂದರೆ ತೆರೆದು ನೋಡಲು ಹಗಲುರಾತ್ರಿ ಲಭ್ಯವಿರುವ ಗುಪ್ತಸಂಖ್ಯೆಯೊಂದಿತ್ತು. ಅದರ ಅಗತ್ಯ ಬೀಳಲಿಲ್ಲ.

ಕಾಯುವ ಜಾಗದಲ್ಲಿ ಪರಿಚಯವಾಗಿದ್ದ ಒಬ್ಬಾಕೆ 24ನೆಯ ವಾರದಲ್ಲಿ ಅಧ್ಯಯನ ಬಿಟ್ಟರು. ಕಾರಣ ಹೇಳಲೇಬೇಕೆಂಬ ಕಟ್ಟುಪಾಡಿಲ್ಲ, ಯಾರೂ ಒತ್ತಾಯಿಸಲಿಲ್ಲ. ಈವರೆಗಿನ ಮಾಹಿತಿಯನ್ನು ಇಟ್ಟುಕೊಳ್ಳಬಹುದೇ, ಹೆರಿಗೆಯಾದ ಮೇಲೆ ಒಮ್ಮೆ ಫೋನ್ ಮಾಡಬಹುದೇ ಎಂದು ಮಾತ್ರ ಕೇಳಿದರು. ಆಕೆಯ ಹೆರಿಗೆ ಅದೇ ಆಸ್ಪತ್ರೆಯಲ್ಲಿ, ಅದೇ ವೈದ್ಯರಿಂದ ಆಯಿತು. ಈ ಸಣ್ಣ ಸಂಗತಿ ನನ್ನ ಹದಿನಾಲ್ಕು ಪುಟಗಳಿಗಿಂತ ಹೆಚ್ಚು ಧೈರ್ಯ ಕೊಟ್ಟಿತು.

36ನೆಯ ವಾರಕ್ಕೆ ಮಾತ್ರೆ ನಿಂತಿತು. 37 ವಾರ ಎರಡು ದಿನಕ್ಕೆ ಬಿ.ಪಿ. 146/94. ನಾಲ್ಕು ಗಂಟೆ ಬಿಟ್ಟು 148/96. ಮೂತ್ರದಲ್ಲಿ ಎರಡು ಪ್ಲಸ್. ನಾನು ಅತ್ತುಬಿಟ್ಟೆ. ವೈದ್ಯೆ ಶಾಂತವಾಗಿಯೇ ಇದ್ದರು: ದಿನ ತುಂಬಿದೆ, ಇನ್ನು ಕಾಯುವ ಅಗತ್ಯವಿಲ್ಲ, ನೋವು ಬರಿಸೋಣ ಎಂದರು. ಅವರ ಶಾಂತಿಯ ಹಿಂದೆಯೂ ಒಂದು ಪ್ರಯೋಗವಿತ್ತು. ನೆದರ್‌ಲೆಂಡ್ಸ್‌ನಲ್ಲಿ 36 ವಾರ ದಾಟಿದ, ರಕ್ತದೊತ್ತಡ ಏರಿದ್ದ ಅಥವಾ ಸೌಮ್ಯ ಗರ್ಭನಂಜು ಇದ್ದ 756 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ನೋವು ಬರಿಸಿ, ಉಳಿದವರನ್ನು ಕಾದು ನೋಡಿದಾಗ, ಕಾದವರಲ್ಲಿಯೇ ತೊಡಕುಗಳು ಹೆಚ್ಚಾಗಿದ್ದವು. 2009ರಲ್ಲಿ ಅದು ಪ್ರಕಟವಾಯಿತು. ಮರುದಿನ ರಾತ್ರಿ ಮಗಳು ಹುಟ್ಟಿದಳು, 2,720 ಗ್ರಾಂ, ಹುಟ್ಟಿದ ಕ್ಷಣದಿಂದ ಜೋರು ಅಳು. ಅವಳು ನನ್ನ ಎದೆಯ ಮೇಲಿದ್ದಾಗ ಕೋಣೆಯ ಮೂಲೆಯಲ್ಲಿ ಸಂಶೋಧನಾ ತಂಡದ ಹುಡುಗಿಯೊಬ್ಬಳು ಗಡಿಯಾರ ನೋಡುತ್ತ ಮಾಸಿನಿಂದ ಉಗುರಿನಷ್ಟು ಗಾತ್ರದ ತುಂಡುಗಳನ್ನು ಕತ್ತರಿಸಿ, ಪುಟ್ಟ ನಳಿಕೆಗಳಿಗೆ ಹಾಕಿ, ಹೊಗೆಯಾಡುವ ಡಬ್ಬಿಯೊಳಗೆ ಇಳಿಸುತ್ತಿದ್ದಳು. ಒಪ್ಪಿಗೆ ಪತ್ರದಲ್ಲಿ ಅದಕ್ಕೆ ಬೇರೆಯೇ ಚೌಕವಿತ್ತು, ನಾನೇ ಗುರುತು ಹಾಕಿದ್ದೆ. ಆದರೂ ಆ ಹೊತ್ತಿನಲ್ಲಿ ಆಕೆ ಅಲ್ಲಿರುವುದು ನನಗೆ ಹಿತವೆನಿಸಲಿಲ್ಲ.

ಆರು ವಾರದ ಭೇಟಿಯಲ್ಲಿ ಸಿಸ್ಟರನ್ನು ಕೇಳಿಯೇ ಬಿಟ್ಟೆ: ಮಾತ್ರೆ ಕೆಲಸ ಮಾಡಿತೋ ಇಲ್ಲವೋ? ಬರುವುದು ಬಂದೇ ಬಂತಲ್ಲ? ಅಥವಾ 31ಕ್ಕೆ ಬರಬೇಕಾದದ್ದನ್ನು 37ಕ್ಕೆ ತಳ್ಳಿತೋ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಪ್ರಶ್ನೆಗೆ ನಮ್ಮ ಅಧ್ಯಯನದಲ್ಲಿ ಉತ್ತರವಿಲ್ಲಮ್ಮಾ’ ಎಂದರು. ಮುಗಿದ ಮೇಲೆ ಸಿಗುತ್ತದೆಯೇ ಎಂದು ಕೇಳಿದೆ. ‘ಮುಗಿದ ಮೇಲೂ ಸಿಗುವುದಿಲ್ಲ’ ಎಂದು ಕಾಗದದ ಹಿಂಬದಿಯಲ್ಲಿ ಆಸ್ಪ್ರೆಯ ಅಂಕಿಗಳನ್ನೇ ಬರೆದು ತೋರಿಸಿದರು. ಅಂಥ ಅಪಾಯವಿರುವ ಸಾವಿರ ಹೆಂಗಸರಲ್ಲಿ ಮದ್ದಿಲ್ಲದೆ 43 ಮಂದಿಗೆ ಅವಧಿಗೆ ಮುನ್ನ ನಂಜು ಬರುತ್ತದೆ, ಮದ್ದು ಕೊಟ್ಟರೆ 16 ಮಂದಿಗೆ. ಪಾರಾದವರು 27. ಆ 27 ಮಂದಿ ಯಾರು? ಸಾವಿರದಲ್ಲಿ 957 ಮಂದಿಗೆ ಹೇಗೂ ಬರುತ್ತಿರಲಿಲ್ಲ. ಅವರ ನಡುವೆ ಈ 27 ಜನ ಬೆರೆತುಹೋಗಿದ್ದಾರೆ, ಪಾರಾದೆವೆಂಬುದು ಅವರಿಗೂ ಗೊತ್ತಿಲ್ಲ, ಅವರ ವೈದ್ಯರಿಗೂ ಗೊತ್ತಿಲ್ಲ. ಅವರು ಇದ್ದಾರೆ ಎಂಬುದು ಮಾತ್ರ ಖಚಿತ. ನಾನು ಈ ಅಧ್ಯಯನದೊಳಗೆ ನನ್ನ ಬಗ್ಗೆ ಒಂದು ಉತ್ತರ ಹುಡುಕಿಕೊಂಡು ಹೋಗಿದ್ದೆ. ಅದು ಅಲ್ಲಿ ಸಿಗುವ ಬಗೆಯ ಸರಕೇ ಅಲ್ಲ ಎಂಬುದನ್ನು ಅಷ್ಟು ಮೃದುವಾಗಿ, ಅಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಿರಲಾರರು. ಅಧ್ಯಯನ ಮುಗಿದ ಮೇಲೆ ನಿಮ್ಮ ಗುಂಪು ಯಾವುದೆಂದು ತಿಳಿಸಬೇಕೇ ಎಂಬ ಚೌಕ ಕೊನೆಯ ಪುಟದಲ್ಲಿತ್ತು. ತಿಳಿದರೂ ಏನೂ ತಿಳಿದಂತಾಗುವುದಿಲ್ಲವೆಂದು ಗೊತ್ತಿದ್ದೂ ‘ಹೌದು’ ಎಂದು ಗುರುತು ಹಾಕಿದೆ. ಕುತೂಹಲಕ್ಕೆ ಸಂಖ್ಯಾಶಾಸ್ತ್ರ ಹಿಡಿಸುವುದಿಲ್ಲ.

ಕಳೆದ ತಿಂಗಳು ಮಗಳಿಗೆ ಎರಡು ವರ್ಷ ತುಂಬಿತು, ಬೆಳವಣಿಗೆಯ ಪರೀಕ್ಷೆಗೆ ಕರೆ ಬಂತು. ನನ್ನ ನಂತರ ಸೇರಿದವರ ಮಕ್ಕಳಿಗೂ ಎರಡು ತುಂಬುವವರೆಗೆ ಗುಟ್ಟು ರಟ್ಟಾಗುವಂತಿಲ್ಲ. ಪರೀಕ್ಷೆ ನಡೆಸಿದವರು ನಮಗೆ ಹೊಸಬರು, ಬೇಕೆಂದೇ ಹೊಸಬರು. ಕುಳಿತ ಕೂಡಲೇ ಅವರು, ‘ಬಸಿರಿನಲ್ಲಿ ಯಾವ ಡೋಸ್ ತೆಗೆದುಕೊಂಡಿರಿ ಎಂಬುದನ್ನು ದಯವಿಟ್ಟು ನನಗೆ ಹೇಳಬೇಡಿ’ ಎಂದರು. ಗೊತ್ತಿದ್ದರೆ ತಾನೇ ಹೇಳುವುದು ಎಂದೆ. ಮಗಳ ಮುಂದೆ ಸಣ್ಣ ಮರದ ಘನಗಳನ್ನಿಟ್ಟು ಒಂದರ ಮೇಲೊಂದು ಪೇರಿಸಲು ಹೇಳಿದರು. ಅವಳು ನಾಲಗೆ ಕಚ್ಚಿಕೊಂಡು ಆರನ್ನು ಪೇರಿಸಿದಳು. ಏಳನೆಯದನ್ನು ಇಡುವಾಗ ಎಲ್ಲವೂ ಉರುಳಿದವು, ಅವಳು ಚಪ್ಪಾಳೆ ತಟ್ಟಿದಳು. ಮನೆಯಲ್ಲಿ ಎಂಟು ಪೇರಿಸುತ್ತಾಳೆ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಅವರು ಹಾಳೆಯ ಮೇಲೆ 6 ಎಂದು ಬರೆದರು. ನಾನು ಸುಮ್ಮನಿದ್ದೆ.